ಹೇಳಿದ್ದನ್ನೇ ಬರೆಯುವವರು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮಪ್ಪನದು ಬೆಲ್ಲದ ಸಗಟು ಅಂಗಡಿ. ಕೆಳಗೆ ಅಂಗಡಿ, ಅದರ ಹಿಂದೆ ಗೋದಾಮು, ಮೇಲೆ ಉದ್ದನೆಯದೊಂದು ಕೋಣೆ. ಆ ಕೋಣೆಯಲ್ಲಿ ಹರಿದ ಗೋಣಿಚೀಲಗಳು, ಮುರಿದ ತಕ್ಕಡಿ, ದೇವರ ಚಿತ್ರವಿದ್ದ ಕಾರಣಕ್ಕೆ ಬಿಸಾಡಲಾಗದ ಹಳೇ ಕ್ಯಾಲೆಂಡರುಗಳು ಬಿದ್ದಿರುತ್ತಿದ್ದವು. ತೊಂಬತ್ತರ ದಶಕದ ಆರಂಭದಲ್ಲಿ ಒಂದು ದಿನ, ನನಗೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ್ದ ಮೇಡಂ ಅಂಗಡಿಗೆ ಬಂದು, ಭಾನುವಾರಗಳಂದು ಆ ಕೋಣೆ ತಮಗೆ ಬೇಕು ಅಂದರು. ಅವರು ಆಗಷ್ಟೇ ನಿವೃತ್ತರಾಗಿದ್ದರು. ಕಣ್ಣು ಕಾಣದ ಕಾಲೇಜು ವಿದ್ಯಾರ್ಥಿಗಳಿಗೆ ಪಾಠಗಳನ್ನು ಓದಿ ಕ್ಯಾಸೆಟ್ಟಿಗೆ ತುಂಬಿಕೊಡಲು, ಪರೀಕ್ಷೆಯಲ್ಲಿ ಅವರು ಹೇಳಿದ ಉತ್ತರಗಳನ್ನು ಬರೆದುಕೊಡಲು ಜನರನ್ನು ಸೇರಿಸಿ ಒಂದು ಸಂಘ ಕಟ್ಟಬೇಕೆಂದು ಹೊರಟಿದ್ದರು. ಸಂಬಳವಿಲ್ಲದ ಕೆಲಸ. ಬಸ್ಸಿನ ಖರ್ಚೂ ನಮ್ಮದೇ.

ಅಪ್ಪ ಹಣೆಯ ವಿಭೂತಿ ಅಳಿಸಿಹೋಗುವಷ್ಟು ಹಣೆ ಉಜ್ಜಿಕೊಂಡರು. ಬೇಡವೆನ್ನುವ ಮನಸ್ಸಿತ್ತು. ಆದರೆ ಮೇಡಂ ಹೋದ ಮೇಲೆ ಅಮ್ಮನ ಮುಂದೆ, “ಮಕ್ಕಳಿಗೆಲ್ಲ ಪಾಠ ಹೇಳಿದೋರು ಬಂದು ಕೇಳ್ತಾವ್ರೆ, ಇಲ್ಲ ಅನ್ನಕ್ಕಾಯ್ತದಾ? ಕೊಟ್ಬುಡೋಣ” ಅಂದರು. ಕೋಣೆ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಆಗ ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತೆಯಾಗಿ ಸೇರಿ ವರ್ಷವಾಗಿತ್ತು. ಗುಡಿಸಲು ಹೋದವಳು ಅಲ್ಲೇ ಉಳಿದೆ.

ಬೆಲ್ಲದ ಗೋದಾಮಿನ ಮೇಲೆ ಕೂತು ಕ್ಯಾಸೆಟ್ಟಿಗೆ ಓದುವುದು ಸುಲಭವಾಗಿರಲಿಲ್ಲ. ಕಿಟಕಿ ತೆಗೆದರೆ ಕಣಜದ ಹುಳುಗಳು ಬರುತ್ತಿದ್ದವು, ಮುಚ್ಚಿದರೆ ಸೆಕೆ. ಕೆಳಗೆ ಕೈಗಾಡಿಯವರ ಕೂಗು. ನಾವು ತುಂಬಿದ ಅರ್ಥಶಾಸ್ತ್ರದ ಪಾಠದ ನಡುವೆ “ಗಾಡಿ ತಿರುಗಿಸ್ಕೊಳ್ಳಯ್ಯ” ಎಂಬ ಮಾತು ಸೇರಿಕೊಂಡು, ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ ನಮ್ಮನ್ನೇ ರೇಗಿಸುತ್ತಿದ್ದರು. ಆದರೂ ಜನ ಬಂದರು. ಬ್ಯಾಂಕಿನವರು, ಗೃಹಿಣಿಯರು, ಕಾಲೇಜಿನ ಹುಡುಗಿಯರು, ರಾಜೀವನಗರದಿಂದ ಒಬ್ಬ ಟೈಲರು, ನಿವೃತ್ತ ಕನ್ನಡ ಪಂಡಿತರೊಬ್ಬರು, ಸರ್ಕಾರಿ ಇಲಾಖೆಯಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು.

ಮೇಡಂಗೆ ಒಂದು ಹಟವಿತ್ತು. ಪ್ರತಿ ಭಾನುವಾರದ ಸಭೆಯನ್ನು ಬೇರೆಬೇರೆಯವರು ನಡೆಸಬೇಕು. ಅವರು ಮೂಲೆಯಲ್ಲಿ ಒಂದು ಮಡಚುವ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಯಾರಿಗೆ ಯಾವ ಪುಸ್ತಕ, ಯಾವ ವಿದ್ಯಾರ್ಥಿಗೆ ಯಾರು ಬರೆಯಬೇಕು ಎಂಬುದೆಲ್ಲ ಆ ದಿನ ಸಭೆ ನಡೆಸುವವರ ತೀರ್ಮಾನ. ನಾನು ಮೊದಲ ಸಲ ನಡೆಸಿದಾಗ ಪ್ರತಿ ಮಾತಿಗೂ ಅವರ ಮುಖ ನೋಡಿದೆ. ಅವರು ಹೆಣಿಗೆಯಿಂದ ತಲೆ ಎತ್ತಲೇ ಇಲ್ಲ. ಸಭೆ ಮುಗಿದ ಮೇಲೆ ಮೆಟ್ಟಿಲಿಳಿಯುತ್ತ, “ನಾನು ಇವತ್ತು ಎರಡು ಸಲ ಬಾಯಿ ತೆರೆಯಬೇಕು ಅಂದುಕೊಂಡೆ. ತೆರೆಯಲಿಲ್ಲ. ನೀನೇ ದಾರಿ ಹುಡುಕಿದೆ” ಅಂದರು. ಆ ದಿನ ಅಂಗಡಿಯಲ್ಲಿ ಅಪ್ಪನಿಗೆ ಕಾಫಿ ಕೊಡುವಾಗಲೂ ನನ್ನ ಮುಖದ ಮೇಲೆ ನಗು ಇತ್ತಂತೆ. ಏನು ವಿಷಯ ಅಂತ ಅಪ್ಪ ಕೇಳಿದರು.

ಕೆಲವು ವರ್ಷ ಕಳೆದ ಮೇಲೆ ಮೇಡಂ, ಮಗಳ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಹೋಗುತ್ತೇನೆ, ಪರೀಕ್ಷೆ ಮುಗಿಯುವವರೆಗೂ ಬರುವುದಿಲ್ಲ, ಅಲ್ಲಿಯವರೆಗೆ ಸಂಘ ನಿನ್ನದು ಅಂದುಬಿಟ್ಟರು. ಮಾರ್ಚ್ ತಿಂಗಳು. ನಮ್ಮ ಅತಿ ಬಿರುಸಿನ ಕಾಲ. ಬರೆಯಬೇಕಾದವರಿಗೆ ಜ್ವರ ಬರುತ್ತಿತ್ತು, ಕಾಲೇಜಿನವರು ಕೊಠಡಿ ಬದಲಿಸುತ್ತಿದ್ದರು, ಯಾರದೋ ಮದುವೆ ಅಡ್ಡ ಬರುತ್ತಿತ್ತು. ನಾನು ಆಫೀಸಿಗೆ ರಜೆ ಹಾಕಿ, ಇರುವವರನ್ನೆಲ್ಲ ಕೂರಿಸಿ ಕೆಲಸ ಹಂಚಿ, ಹೇಗೋ ಎಲ್ಲ ವಿದ್ಯಾರ್ಥಿಗಳೂ ಎಲ್ಲ ಪರೀಕ್ಷೆಗಳನ್ನೂ ಬರೆಯುವಂತೆ ನೋಡಿಕೊಂಡೆ. ಕೊನೆಯ ಪರೀಕ್ಷೆ ಮುಗಿದ ಸಂಜೆ ದೇವರಾಜ ಮಾರುಕಟ್ಟೆಗೆ ಹೋದರೆ, ಮೇಡಂ ಬದನೆಕಾಯಿ ಆರಿಸುತ್ತ ನಿಂತಿದ್ದಾರೆ. ನಾನು ಬೆರಗಾಗಿ, ಶಿವಮೊಗ್ಗದಿಂದ ಯಾವಾಗ ಬಂದಿರಿ ಎಂದು ಕೇಳಿದೆ.

“ಹೋಗೇ ಇಲ್ಲ ಕಣಮ್ಮ” ಅಂದರು ಒಂದಿಷ್ಟೂ ನಾಚಿಕೆಯಿಲ್ಲದೆ. “ಊರಲ್ಲಿದ್ದರೆ ನೀವು ಬಿಡ್ತೀರಾ? ನನ್ನ ಮನೆ ಬಾಗಿಲಿಗೆ ಬರ್ತೀರಿ. ನಾನೂ ಬಿಡೋಳಲ್ಲ, ಓಡಿ ಬರ್ತೀನಿ. ಅದಕ್ಕೇ ಮಗಳ ಹೆಸರು ಹೇಳಿದೆ. ಅವಳಿಗೆ ಬಾಣಂತನವೂ ಇಲ್ಲ, ಏನೂ ಇಲ್ಲ.”

ಅಲ್ಲೇ ನಿಂತು ಇಬ್ಬರೂ ನಕ್ಕೆವು. ಬದನೆಕಾಯಿಯವನು ಕಾಯಿ ಕೊಳ್ಳುತ್ತೀರೋ ಇಲ್ಲವೋ ಎಂದು ರೇಗಿದ. ಅವರು ಮತ್ತೆ ಸಂಘದ ಹೊಣೆ ತೆಗೆದುಕೊಳ್ಳಲಿಲ್ಲ. ಆಗಾಗ ಬಂದು ಎಲ್ಲರ ಜೊತೆ ಕೂತು ಕ್ಯಾಸೆಟ್ಟಿಗೆ ಓದಿ ಹೋಗುತ್ತಿದ್ದರು, ಅಷ್ಟೇ.

ಮೇಟಗಳ್ಳಿಯ ಹುಡುಗಿ ಬಂದದ್ದು ನಾನು ಸಂಘ ನಡೆಸುತ್ತಿದ್ದ ಆ ದಿನಗಳಲ್ಲಿ. ಅವಳ ಅಪ್ಪ ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಹುಣ್ಣಿಮೆಗೆ ಅವಳ ಅಮ್ಮ ಮಾಡುತ್ತಿದ್ದ ಪಾಯಸ ನಾನೂ ತಿಂದಿದ್ದೇನೆ. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಅವಳ ಎರಡೂ ಕಣ್ಣು ಹೋಗಿದ್ದವು. ಬಿ.ಎ. ಓದುತ್ತ ನಮ್ಮಿಂದ ಕ್ಯಾಸೆಟ್ಟು ಒಯ್ಯುತ್ತಿದ್ದವಳು, ಒಂದು ಭಾನುವಾರ ಒಂದು ಕ್ಯಾಸೆಟ್ಟನ್ನು ವಾಪಸು ತಂದು, ಇದನ್ನು ಓದಿದವರು ಯಾರು ಎಂದು ಕೇಳಿದಳು. ಓದಿದ್ದು ಆ ನಿವೃತ್ತ ಅಧಿಕಾರಿ. ಅವರು ತುಂಬ ವೇಗವಾಗಿ ಓದುತ್ತಾರೆ, ಪುಟ ಮುಗಿಸಿದರೆ ಸಾಕೆಂಬ ಹಾಗೆ ಓದುತ್ತಾರೆ, ಇನ್ನೊಮ್ಮೆ ಓದಿಕೊಡಬೇಕು ಎಂದು ಅವರೆದುರಿಗೇ ವಿನಯವಾಗಿ, ಆದರೆ ಒಂದಕ್ಷರವೂ ನುಂಗದೆ ಹೇಳಿದಳು. ಅವರ ಮುಖ ಬಿಗಿಯಿತು. ಆದರೂ ಇನ್ನೊಮ್ಮೆ ಓದಿಕೊಟ್ಟರು.

ಆವತ್ತೇ ನನ್ನ ಮನಸ್ಸಿಗೆ ಬಂದಿತ್ತು, ಇವಳು ಪಡೆಯುವ ಸಾಲಿನಲ್ಲಷ್ಟೇ ಕೂರಬೇಕಾದವಳಲ್ಲ ಅಂತ. ಮೊದಲು ಹೊಸ ವಿದ್ಯಾರ್ಥಿಗಳನ್ನು ಮಾತಾಡಿಸುವ ಕೆಲಸ ಕೊಟ್ಟೆ. ಆಮೇಲೆ ಕ್ಯಾಸೆಟ್ಟುಗಳ ಗುಣಮಟ್ಟ ನೋಡುವುದು. ಪದವಿ ಮುಗಿಸಿ ಬಿ.ಎಡ್.ಗೆ ಸೇರಿದ ಮೇಲೆ ಭಾನುವಾರದ ಸಭೆ ನಡೆಸಲು ಹೇಳಿದೆ. ಅವಳಿಗೆ ಎಲ್ಲವೂ ಮೊದಲ ಸಲಕ್ಕೇ ಬಂದುಬಿಡಲಿಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿಗೆ ಬರೆದುಕೊಡಲು ಇಬ್ಬರನ್ನು ಒಪ್ಪಿಸಿ, ಇನ್ನೊಬ್ಬನಿಗೆ ಯಾರೂ ಇಲ್ಲದಂತೆ ಮಾಡಿದಳು. ಗೊತ್ತಾದ ಕೂಡಲೇ ನಾನು ಫೋನಿನತ್ತ ಕೈ ಚಾಚಿದೆ. ಅಷ್ಟರಲ್ಲಿ ಶಿವಮೊಗ್ಗದ ಬಾಣಂತನ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳೇ ತಮ್ಮನ ಹೆಗಲು ಹಿಡಿದು ಸಿಟಿ ಬಸ್ಸು ಹತ್ತಿ, ಆ ಇಬ್ಬರಲ್ಲಿ ಒಬ್ಬರ ಮನೆಗೆ ಹೋಗಿ ಕ್ಷಮೆ ಕೇಳಿ, ಅವರನ್ನು ಇನ್ನೊಬ್ಬನ ಪರೀಕ್ಷೆಗೆ ಒಪ್ಪಿಸಿ ಬಂದಳು.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ನನಗೆ ಮದುವೆಯಾಗಿ, ಮಗುವಾಗಿ, ರಾಜೀವನಗರದಲ್ಲಿ ಮನೆ ಮಾಡಿದ್ದೆವು. ಸಂಘದ ಅಧ್ಯಕ್ಷೆಯಾಗಿ ಅವಳ ಹೆಸರನ್ನು ನಾನೇ ಸೂಚಿಸಿದೆ.  ನಿವೃತ್ತ ಅಧಿಕಾರಿ ಒಪ್ಪಲಿಲ್ಲ. ನಾವು ಅಂಥವರಿಗೆ ಸಹಾಯ ಮಾಡಲು ಇರುವವರು, ಅವರೇ ನಮ್ಮನ್ನು ನಡೆಸುವುದೆಂದರೆ ಹೇಗೆ, ಕಾಲೇಜಿನವರ ಮುಂದೆ ಹೋಗಿ ಯಾರು ಮಾತಾಡುತ್ತಾರೆ ಎಂದು ಕೇಳಿದರು. ಅವಳು ಅಲ್ಲೇ ಕೂತಿದ್ದಳು. ಅವರ ಮಾತು ಮುಗಿಯುವವರೆಗೆ ಕಾದು, “ಸರ್, ನಾನು ಮಾತಾಡ್ತೀನಿ. ದಾರಿ ಗೊತ್ತಿಲ್ಲದ ಕಡೆ ನೀವು ಜೊತೆಗೆ ಬನ್ನಿ” ಅಂದಳು. ಪಂಡಿತರು ಮೊದಲು ಚಪ್ಪಾಳೆ ತಟ್ಟಿದರು. ತೀರ್ಮಾನ ಆಯಿತು.

ಆ ವರ್ಷದ ಪರೀಕ್ಷೆಯಲ್ಲೇ ಅದು ನಡೆಯಿತು.

ಎಚ್.ಡಿ. ಕೋಟೆ ಕಡೆಯ ಹುಡುಗನೊಬ್ಬ ಹಾಸ್ಟೆಲಿನಲ್ಲಿದ್ದು ಕೊನೆಯ ವರ್ಷದ ಬಿ.ಎ. ಓದುತ್ತಿದ್ದ. ಬರೆದುಕೊಡುವವರು ಪರೀಕ್ಷೆ ಬರೆಯುವವರಿಗಿಂತ ಕೆಳಗಿನ ತರಗತಿಯವರಾಗಿರಬೇಕೆಂಬ ನಿಯಮವಿದ್ದುದರಿಂದ, ಅವನಿಗೆ ಪಿಯುಸಿ ಓದುವ ಹುಡುಗಿಯೊಬ್ಬಳನ್ನು ಕೊಟ್ಟಿದ್ದೆವು. ಬಹಳ ಚುರುಕಿನ ಹುಡುಗಿ. ಅವನ ಇತಿಹಾಸದ ಪಾಠಗಳನ್ನೆಲ್ಲ ಕ್ಯಾಸೆಟ್ಟಿಗೆ ಓದಿದವಳೂ ಅವಳೇ. ಆದ್ದರಿಂದ ಪದವಿಯ ಇತಿಹಾಸ ಅವಳಿಗೂ ಬರುತ್ತಿತ್ತು. ಪರೀಕ್ಷೆ ಮುಗಿಸಿ ಇಬ್ಬರೂ ನಮ್ಮ ಕೋಣೆಗೆ ಬಂದರು. ಮೇಟಗಳ್ಳಿ ಹುಡುಗಿ, ನಿವೃತ್ತ ಅಧಿಕಾರಿ, ನಾನು ಅಲ್ಲಿದ್ದೆವು. ಹುಡುಗ ಒಂದೊಂದೇ ಪ್ರಶ್ನೆ ನೆನಪು ಮಾಡಿಕೊಳ್ಳುತ್ತ ಇದ್ದಕ್ಕಿದ್ದಂತೆ ತಲೆ ಮೇಲೆ ಕೈ ಹೊತ್ತ. ಒಂದು ಯುದ್ಧದ ಒಪ್ಪಂದದ ಷರತ್ತುಗಳನ್ನು ಇನ್ನೊಂದು ಯುದ್ಧಕ್ಕೆ ಸೇರಿಸಿ ಹೇಳಿಬಿಟ್ಟಿದ್ದೆ ಎಂದು ಪೇಚಾಡಿದ.

ಹುಡುಗಿ ನಗುತ್ತ, “ಯೋಚನೆ ಮಾಡಬೇಡಿ ಅಣ್ಣ. ನೀವು ತಪ್ಪು ಹೇಳ್ತಿದ್ದೀರ ಅಂತ ಗೊತ್ತಾಯ್ತು. ನಾನು ಸರಿ ಮಾಡಿ ಬರೆದಿದ್ದೀನಿ” ಅಂದಳು. ಉಪಕಾರ ಮಾಡಿದ ಖುಷಿ ಆ ದನಿಯಲ್ಲಿ ತುಂಬಿತ್ತು.

ಹುಡುಗನ ಮುಖ ಬಾಡಿತು. ಅವನು ಮಾತಾಡಿದ್ದು ಅವಳ ಕಡೆಗಲ್ಲ, ಮೇಟಗಳ್ಳಿ ಹುಡುಗಿಯ ಕಡೆಗೆ. “ಅಂಗಾದ್ರೆ ಆ ಮಾರ್ಕ್ಸು ನಂದಾ, ಅವ್ರದಾ ಅಕ್ಕ?” ಎಂದು ಕೇಳಿದ.

 ಪಿಯುಸಿ ಹುಡುಗಿಗೆ ಆಗ ವಿಷಯ ಹೊಳೆದಿರಬೇಕು, ಅಳಲು ಶುರುಮಾಡಿದಳು. ನಿವೃತ್ತ ಅಧಿಕಾರಿ ಬಾಗಿಲು ಮುಂದೆ ಮಾಡಿ, ಗೊತ್ತಿರುವುದು ಇಲ್ಲಿರುವ ನಾಲ್ಕೈದು ಜನಕ್ಕೆ, ಇಲ್ಲಿಗೇ ಬಿಟ್ಟುಬಿಡೋಣ ಅಂದರು. ಅವರು ಹೇಳಿದ್ದರಲ್ಲಿ ತೂಕವಿಲ್ಲದೆ ಇರಲಿಲ್ಲ. ಕಾಲೇಜಿಗೆ ತಿಳಿದರೆ ಹುಡುಗನ ವರ್ಷ ಹಾಳಾಗಬಹುದು. ನಮ್ಮವರನ್ನು ಪರೀಕ್ಷೆಯ ಕೊಠಡಿಗೆ ಸೇರಿಸುವುದನ್ನೇ ನಿಲ್ಲಿಸಬಹುದು. ಹಾಗಾದರೆ ಉಳಿದ ಮಕ್ಕಳ ಗತಿ? ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ನಡೆಸಿದವಳು ನಾನು ತಾನೆ. ನನ್ನ ನಾಲಿಗೆಯ ತುದಿಯಲ್ಲಿ ಏನೇನೋ ಇತ್ತು. ನಾನು, ಅಧ್ಯಕ್ಷರು ಹೇಳಲಿ ಅಂದೆ.

 ಅವಳು ಮೊದಲು ಅಳುತ್ತಿದ್ದವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ನೀರು ಕುಡಿಸಿದಳು. ಆಮೇಲೆ ಹುಡುಗನನ್ನು ಕೇಳಿದಳು: ವರ್ಷ ನಿನ್ನದು, ನಷ್ಟವಾದರೆ ನಿನಗೆ ಆಗುವುದು, ನೀನೇನು ಹೇಳುತ್ತೀಯ? ಹುಡುಗ ತುಂಬ ಹೊತ್ತು ಅಂಗಿಯ ಗುಂಡಿ ತಿರುಗಿಸುತ್ತ ಕೂತ. ಊರಿನಲ್ಲಿ ಎಲ್ಲರಿಗೂ ಪಾಸಾಗುತ್ತೇನೆಂದು ಹೇಳಿ ಬಂದಿದ್ದಾನಂತೆ. ಕೊನೆಗೆ, ಹೋಗಿ ಹೇಳಿಬಿಡೋಣ ಅಂದ. ನಾಳೆ ಯಾರಾದರೂ ಇದು ಯಾರ ಉತ್ತರ ಅಂತ ಕೇಳಿದರೆ ನನ್ನದೇ ಎಂದು ತಲೆ ಎತ್ತಿಕೊಂಡು ಹೇಳಬೇಕು ಅಂದ.

ಆಗ ಅವಳು ನಿವೃತ್ತ ಅಧಿಕಾರಿಯ ದನಿ ಬಂದ ಕಡೆ ತಿರುಗಿ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. “ಸರ್, ಕಾಗದದ ಮೇಲಿರೋದು ನಮ್ಮದೇ ಮಾತು ಅಂತ ನಂಬಿ ತಾನೇ ಕಾಲೇಜಿನೋರು ನಮ್ಮನ್ನ ಒಳಗೆ ಬಿಡೋದು? ನಾನೂ ಹಂಗೇ ಪಾಸಾದವಳು. ಮುಚ್ಚಿಟ್ಟಿದ್ದು ನಾಳೆ ಹೊರಗೆ ಬಿದ್ದರೆ ನನ್ನ ಡಿಗ್ರಿನೂ ಜನ ಅನುಮಾನದಿಂದ ನೋಡ್ತಾರೆ. ಇದನ್ನ ಮುಚ್ಚಿಡಕ್ಕೆ ನನ್ನ ಕೈಲಾಗಲ್ಲ.”

ಮಾರನೆಯ ದಿನ ಪ್ರಾಂಶುಪಾಲರ ಕೋಣೆಗೆ ಹುಡುಗ, ಪಿಯುಸಿ ಹುಡುಗಿ, ಅವಳು, ನಾನು ಹೋದೆವು. ಹೊರಗೆ ಬೆಂಚಿನ ಮೇಲೆ ಕಾಯುವಾಗ ಅವಳು ನನ್ನ ಕೈ ಹಿಡಿದು, ಅಕ್ಕ, ನೀವು ಪಕ್ಕದಲ್ಲಿ ಕೂತಿರಿ, ಆದರೆ ಮಾತು ನಾನೇ ಆಡುತ್ತೇನೆ ಅಂದಳು.  ಒಳಗೆ ಹೋದ ಮೇಲೆ ಆದದ್ದನ್ನು ಆದ ಹಾಗೆ ಹೇಳಿದಳು. ಹೆಚ್ಚು ಕಡಿಮೆ ಏನೂ ಮಾಡಲಿಲ್ಲ.

ಪ್ರಾಂಶುಪಾಲರು ಮೊದಲು ಸಿಟ್ಟಾದರು. ಸೇವೆ ಅಂತ ಬಂದು ಹೀಗಾ ಮಾಡುವುದು ಎಂದು ಪಿಯುಸಿ ಹುಡುಗಿಯನ್ನು ಗದರಿದರು. ಇದಕ್ಕೆ ಹೊಣೆ ಯಾರು ಎಂದು ಕೇಳಿದರು. ಆ ಪ್ರಶ್ನೆ ಕೇಳಿದ್ದು ನನ್ನ ಮುಖ ನೋಡಿ, ಹಿರಿಯಳು ನಾನೆಂದು.

“ನಾನು ಸರ್” ಅಂದಳು ಅವಳು. “ಈ ಹುಡುಗಿನ ಕಳಿಸಿದ್ದು ನಾನು. ಕಳಿಸೋ ಮುಂಚೆ ಸರಿಯಾಗಿ ಹೇಳಿಕೊಡಬೇಕಾದವಳೂ ನಾನೇ. ಚೆನ್ನಾಗಿ ಓದೋ ಹುಡುಗಿ, ಗೊತ್ತಿರುತ್ತೆ ಅಂದುಕೊಂಡುಬಿಟ್ಟೆ. ಅವಳನ್ನ ಬೈಬೇಡಿ.”

ಪ್ರಾಂಶುಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರಿಗೂ ಕೂರಲು ಹೇಳಿದರು. ತಾವಾಗಿಯೇ ಬಂದು ಹೇಳಿದ್ದೀರಿ, ಅದನ್ನೂ ಬರೆಯುತ್ತೇನೆ, ಆದರೆ ಮೇಲಿನವರಿಗೆ ತಿಳಿಸದೆ ಇರಲು ಬರುವುದಿಲ್ಲ ಅಂದರು. ಕೆಲವು ವಾರ ನಾವು ಕಾದೆವು. ಆಮೇಲೆ ಉತ್ತರ ಬಂತು. ಆ ಒಂದು ಪತ್ರಿಕೆ ರದ್ದು. ಅದನ್ನು ಪೂರಕ ಪರೀಕ್ಷೆಯಲ್ಲಿ ಹುಡುಗ ಮತ್ತೆ ಬರೆಯಬೇಕು. ಉಳಿದದ್ದಕ್ಕೆ ಅಡ್ಡಿಯಿಲ್ಲ, ಸಂಘದವರು ಮೊದಲಿನಂತೆ ಬರಬಹುದು.

ಹುಡುಗ ಮತ್ತೆ ಬರೆದ. ಅವನು ಹೇಳಿದ್ದನ್ನು ಈ ಸಲ ಬರೆದವರು ಬೇರೆ. ಮೊದಲ ದರ್ಜೆಯ ಆಸೆಯಿತ್ತು, ಸಿಕ್ಕಿದ್ದು ಎರಡನೆಯದು. ಫಲಿತಾಂಶ ಬಂದ ದಿನ ಅಂಗಡಿಗೆ ಬಂದು ಅಪ್ಪನ ಕಾಲಿಗೆ ನಮಸ್ಕಾರ ಮಾಡಿದ. ಅಪ್ಪ ಒಂದು ಅಚ್ಚು ಬೆಲ್ಲ ತೆಗೆದು, ಒಡೆದು ಎಲ್ಲರ ಕೈಗೂ ಇಟ್ಟರು. ಅಂಗಡಿಗೆ ಬಂದ ಗಿರಾಕಿಗಳಿಗೂ ಕೊಟ್ಟು, ನಮ್ಮ ಮೇಲ್ಗಡೆ ಓದಿದ ಹುಡುಗ ಅಂತ ಹೇಳಿಕೊಂಡರು. ಬೇಡವೆಂದು ಹಣೆ ಉಜ್ಜಿಕೊಂಡಿದ್ದ ಮನುಷ್ಯ ಅವರೇ.

ಆದರೆ ನನಗೆ ಹೆಚ್ಚು ಹೆಮ್ಮೆ ಅನಿಸಿದ್ದು ಮೇಟಗಳ್ಳಿ ಹುಡುಗಿ ಆಮೇಲೆ ಮಾಡಿದ ಕೆಲಸದ ಬಗ್ಗೆ. ಪಿಯುಸಿ ಹುಡುಗಿ ನಾಚಿಕೆಯಿಂದ ಬರುವುದನ್ನೇ ಬಿಟ್ಟಿದ್ದಳು. ಇವಳು ಅವಳ ಮನೆಗೆ ಹೋಗಿ, ಅವಳ ಅಮ್ಮನನ್ನು ಕೂರಿಸಿಕೊಂಡು ಮಾತಾಡಿ, ವಾಪಸು ಕರೆತಂದಳು. ಕರೆತಂದು ಸುಮ್ಮನೆ ಕೂರಿಸಲಿಲ್ಲ. ಇನ್ನು ಮುಂದೆ ಬರೆದುಕೊಡಲು ಬರುವ ಹೊಸಬರಿಗೆಲ್ಲ ತರಬೇತಿ ಕೊಡುವವಳು ನೀನೇ ಅಂದಳು. ನಿವೃತ್ತ ಅಧಿಕಾರಿಗೆ ಇದು ಅತಿಯಾಯಿತು ಅನಿಸಿ ನನ್ನನ್ನು ಹೊರಗೆ ಕರೆದು ಹೇಳಿದರು. ನನಗೂ ಒಳಗೊಳಗೆ ಅಳುಕಿತ್ತು. ಆದರೆ ಆ ಹುಡುಗಿಯಷ್ಟು ಚೆನ್ನಾಗಿ ಆ ಪಾಠ ಹೇಳಬಲ್ಲವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ ಎಂಬುದು ಮೊದಲ ಭಾನುವಾರವೇ ಗೊತ್ತಾಯಿತು.

ಅವರಿಬ್ಬರೂ ಸೇರಿ ಒಂದು ಆಟ ಹೂಡಿದ್ದರು. ಮೇಟಗಳ್ಳಿ ಹುಡುಗಿ ಬೇಕೆಂದೇ ತಪ್ಪು ತಪ್ಪಾಗಿ ಹೇಳುತ್ತಾಳೆ, ಹೊಸಬರು ಹಾಗೆಯೇ ಬರೆಯಬೇಕು. ಮೈಸೂರು ಸಮುದ್ರದ ದಡದಲ್ಲಿದೆ. ಕಾವೇರಿ ಹಿಮಾಲಯದಲ್ಲಿ ಹುಟ್ಟುತ್ತದೆ. ಕೇಳಿದರೆ ನಗು ಬರುತ್ತದೆ, ಬರೆಯಲು ಕೂತರೆ ಕಷ್ಟ ತಿಳಿಯುತ್ತದೆ. ನಮ್ಮ ಪಂಡಿತರು ತಾವೂ ಬರೆಯುತ್ತೇನೆಂದು ಕೂತರು. ಇವಳು ಒಂದು ಪದದ ಅಕ್ಷರಗಳನ್ನು ಬಿಡಿಸಿ ತಪ್ಪಾಗಿ ಹೇಳಿದಳು. ಪಂಡಿತರು ಪೆನ್ನು ಎತ್ತಿ ಹಿಡಿದು ಕೂತೇಬಿಟ್ಟರು. “ಕೈ ಬರ್ತಾ ಇಲ್ಲ ಕಣಮ್ಮ” ಅಂದರು ನಿಜವಾದ ಸಂಕಟದಿಂದ. ಕೋಣೆ ತುಂಬ ನಗು ಎದ್ದಿತು. ಪಿಯುಸಿ ಹುಡುಗಿ ಮಾತ್ರ ನಗಲಿಲ್ಲ. ಅವರ ಪಕ್ಕ ಕೂತು, ನನಗೂ ಕೈ ಬರಲಿಲ್ಲ ಸರ್, ಅದಕ್ಕೇ ಆ ಅಣ್ಣ ಎರಡು ಸಲ ಪರೀಕ್ಷೆ ಬರೆದರು ಅಂದಳು. ನಗು ನಿಂತಿತು. ಪಂಡಿತರು ತಲೆ ತಗ್ಗಿಸಿ, ಆ ಪದವನ್ನು ತಪ್ಪಾಗಿ ಬರೆದರು. ಆ ದಿನ ಅಲ್ಲಿದ್ದ ಹೊಸಬರು ಯಾರೂ ಮುಂದೆ ಒಬ್ಬರ ಉತ್ತರವನ್ನೂ ತಿದ್ದಿದ್ದು ನನಗೆ ತಿಳಿದಿಲ್ಲ.

ನಿವೃತ್ತ ಅಧಿಕಾರಿಯವರ ಬಗ್ಗೆಯೂ ಹೇಳಬೇಕು. ಅವರು ಮುನಿಸಿಕೊಂಡು ಹೋಗಲಿಲ್ಲ. ಮೇಟಗಳ್ಳಿ ಹುಡುಗಿ ಕಾಲೇಜುಗಳಿಗೆ ಹೋಗಬೇಕಾದಾಗೆಲ್ಲ ತಮ್ಮ ಹಳೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಒಳಗೆ ಹೋದ ಮೇಲೆ, ಇವರು ನಮ್ಮ ಅಧ್ಯಕ್ಷರು, ಏನಿದ್ದರೂ ಇವರ ಹತ್ತಿರ ಮಾತಾಡಿ ಎಂದು ಹೇಳಿ ಹಿಂದೆ ಸರಿದು ನಿಲ್ಲುತ್ತಿದ್ದರು. ಅದನ್ನು ಅವರು ಯಾರಿಂದಲೂ ಹೇಳಿಸಿಕೊಳ್ಳದೆ ತಾವೇ ಶುರುಮಾಡಿದ್ದು.

ಕೆಲವು ವರ್ಷಗಳಾದ ಮೇಲೆ, ಕ್ಯಾಸೆಟ್ಟುಗಳು ಹೋಗಿ ಸಿ.ಡಿ.ಗಳು ಬಂದಿದ್ದ ಕಾಲ, ಒಂದು ಮಧ್ಯಾಹ್ನ ಅವಳು ನನ್ನ ಆಫೀಸಿಗೆ ಬಂದಳು. ಜೊತೆಯಲ್ಲಿ ಆ ಪಿಯುಸಿ ಹುಡುಗಿ. ಅವಳು ಅಷ್ಟು ಹೊತ್ತಿಗೆ ಎಂ.ಎ. ಮುಗಿಸಿದ್ದಳು, ನಾನಿನ್ನೂ ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದೆ. ಮೇಟಗಳ್ಳಿ ಹುಡುಗಿಗೆ ಚಾಮರಾಜನಗರದ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಅಲ್ಲಿಂದ ಪ್ರತಿ ಭಾನುವಾರ ಬರಲಾಗದು. ಹಾಗಾಗಿ ಸಂಘವನ್ನು ಇನ್ನು ಮುಂದೆ ಈ ಹುಡುಗಿ ನಡೆಸುತ್ತಾಳೆ ಎಂದು ಸಭೆಯಲ್ಲಿ ತೀರ್ಮಾನವಾಗಿದೆ ಅಂದಳು.

“ಕೇಳಕ್ಕೆ ಬಂದಿಲ್ಲ ಅಕ್ಕ, ತಿಳಿಸಕ್ಕೆ ಬಂದ್ವಿ” ಅಂದು ನಕ್ಕಳು.

ನಾನು ಇಬ್ಬರನ್ನೂ ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಚಾಮರಾಜನಗರದಲ್ಲೂ ಒಂದು ಕೋಣೆ ನೋಡಿದ್ದಾಳಂತೆ, ಅಲ್ಲಿ ಓದಲು ಒಪ್ಪಿಕೊಂಡ ಇಬ್ಬರು ಟೀಚರುಗಳೂ ಸಿಕ್ಕಿದ್ದಾರಂತೆ. ಅವಳು ಅದನ್ನೆಲ್ಲ ಹೇಳುತ್ತ ಮಸಾಲೆದೋಸೆ ಮುಗಿಸಿದಳು. ಹೊಸ ಅಧ್ಯಕ್ಷೆ ನಡುನಡುವೆ ಏನೋ ತಕರಾರು ತೆಗೆಯುತ್ತಿದ್ದಳು, ಅವಳು ಉತ್ತರ ಕೊಡುತ್ತಿದ್ದಳು. ಪಕ್ಕದ ಮೇಜಿನಲ್ಲಿದ್ದ ನನ್ನ ಸೆಕ್ಷನ್ನಿನವರು ನನ್ನ ಕಡೆ ಬಾಗಿ, ನಿಮ್ಮ ನೆಂಟರಾ ಎಂದು ಕೇಳಿದರು. ಅಲ್ಲ ಅಂದೆ. ಇವರು ನಮ್ಮ ಸಂಘದ ಅಧ್ಯಕ್ಷರಾಗಿದ್ದವರು, ಇವರು ಈಗ ಆಗಿರುವವರು ಎಂದು ಇಬ್ಬರನ್ನೂ ತೋರಿಸಿ ಪರಿಚಯ ಮಾಡಿಕೊಟ್ಟೆ. ನನ್ನ ದನಿ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಇತ್ತು.